ಪರಿಣತ ವ್ಯವಸ್ಥೆಗಳ ಭಾಷೆಗಳು: ನಿಯಮ ಮತ್ತು ಅಪವಾದ

ಒಂದು ಕ್ಷೇತ್ರದ ತಜ್ಞರ ತಿಳಿವಳಿಕೆಯನ್ನು ‘ಹೀಗಿದ್ದರೆ ಹೀಗೆ’ ಎಂಬ ನಿಯಮಗಳ ರೂಪದಲ್ಲಿ ಕಂಪ್ಯೂಟರಿಗೆ ಒಪ್ಪಿಸುವ ಏರ್ಪಾಡೇ ಪರಿಣತ ವ್ಯವಸ್ಥೆ. ರಕ್ತದ ಸೋಂಕುಗಳಿಗೆ ಔಷಧಿ ಸೂಚಿಸಲು ೧೯೭೦ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಮೈಸಿನ್ ಇದರ ಪ್ರಸಿದ್ಧ ನಿದರ್ಶನ. ಅದರ ಭಾಷೆ ಲಿಸ್ಪ್. ಅಲ್ಲಿ ನಿಯಮಗಳನ್ನಷ್ಟೇ ಅಲ್ಲದೆ ಅವುಗಳನ್ನು ಅನ್ವಯಿಸುವ ವಿಧಾನವನ್ನೂ ರಚನಕಾರನೇ ಕಟ್ಟಿಕೊಳ್ಳಬೇಕಾಗಿತ್ತು. ೧೯೭೨ರ ಸುಮಾರಿಗೆ ಫ್ರಾನ್ಸಿನ ಮಾರ್ಸೆಯಲ್ಲಿ ಅಲೇನ್ ಕೋಲ್ಮೆರೋವರ್ ಮತ್ತು ಫಿಲಿಪ್ ರೂಸೆಲ್ ರೂಪಿಸಿದ ಪ್ರೊಲಾಗ್‌ನಲ್ಲಿ ಆ ವಿಧಾನ ಭಾಷೆಯೊಳಗೇ ಅಡಕವಾಗಿದೆ. ಫ್ರೆಂಚ್ ವಾಕ್ಯಗಳನ್ನು ಯಂತ್ರಕ್ಕೆ ತಿಳಿಯಪಡಿಸುವ ಯತ್ನದಿಂದಲೇ ಪ್ರೊಲಾಗ್ ಹುಟ್ಟಿತೆಂಬುದು ಭಾಷಾಭ್ಯಾಸಿಗಳು ಗಮನಿಸಬೇಕಾದ ಸಂಗತಿ.

ಎರಡು ನಿಯಮಗಳು ಒಂದೇ ಸಂದರ್ಭಕ್ಕೆ ಅನ್ವಯವಾಗುವಾಗ ಯಾವುದು ಬಲಿಷ್ಠ? ವೈಯಾಕರಣರಿಗೆ ಇದು ಉತ್ಸರ್ಗ-ಅಪವಾದಗಳ ಹಳೆಯ ಪ್ರಶ್ನೆ. ಕನ್ನಡ ಸಂಧಿಯನ್ನೇ ನೋಡಬಹುದು. ‘ಊರು’ ಎಂಬುದಕ್ಕೆ ‘ಅನ್ನು’ ಸೇರಿದರೆ ಉಕಾರ ಲೋಪವಾಗಿ ‘ಊರನ್ನು’ ಆಗುತ್ತದೆ. ‘ಗುರು’ ಎಂಬುದಕ್ಕೆ ವಕಾರಾಗಮವಾಗಿ ‘ಗುರುವನ್ನು’ ಆಗುತ್ತದೆ. ಪ್ರೊಲಾಗ್ ನಿಯಮಗಳನ್ನು ಬರೆದ ಕ್ರಮದಲ್ಲೇ ಪರೀಕ್ಷಿಸುತ್ತದೆ. ಲೋಪವನ್ನು ಮೊದಲು ಬರೆದರೆ ‘ಗುರನ್ನು’ ಎಂಬ ಅಸಾಧುರೂಪ ಬರುತ್ತದೆ. ಕ್ರಮವನ್ನು ತಿರುಗಿಸಿದರೂ, ಇನ್ನೊಂದು ಉತ್ತರ ಕೇಳಿದೊಡನೆ ಅದೇ ಅಸಾಧುರೂಪ ಮತ್ತೆ ತಲೆಹಾಕುತ್ತದೆ. ಅದನ್ನು ತಡೆಯಲು ‘ಕಟ್’ ಎಂಬ ಚಿಹ್ನೆಯನ್ನು ಇಡಬೇಕು. ಚಾರ್ಲ್ಸ್ ಫೋರ್ಜಿಯ ಓಪಿಎಸ್-೫ ಭಾಷೆಯ ರೀತಿ ಬೇರೆ. ವ್ಯಾಕ್ಸ್ ಕಂಪ್ಯೂಟರುಗಳ ಭಾಗಗಳನ್ನು ಹೊಂದಿಸುತ್ತಿದ್ದ ಎಕ್ಸ್‌ಕಾನ್ ವ್ಯವಸ್ಥೆ ಬಳಸಿದ್ದು ಇದನ್ನೇ. ಇತ್ತೀಚೆಗೆ ದೊರೆತ ಮಾಹಿತಿಗೆ ಇಲ್ಲಿ ಮೊದಲ ಮನ್ನಣೆ. ಆ ವಿಷಯದಲ್ಲಿ ನಿಯಮಗಳು ಸಮಬಲವಾದರೆ ಹೆಚ್ಚು ನಿಬಂಧನೆಗಳುಳ್ಳ ನಿಯಮ ಗೆಲ್ಲುತ್ತದೆ. ವಿಶೇಷವು ಸಾಮಾನ್ಯವನ್ನು ಬಾಧಿಸುತ್ತದೆಂಬ ಶಾಸ್ತ್ರಕಾರರ ನಿಲುವಿಗೆ ಇದು ಬಹು ಸಮೀಪದ್ದು.

ಆದರೆ ಆ ನಿಬಂಧನೆಯನ್ನು ಹೇಳುವವರು ಯಾರು? ಅರ್ಥ ಕೆಡುವಲ್ಲಿ ಲೋಪ ಮಾಡದೆ ಆಗಮ ಮಾಡಬೇಕೆನ್ನುತ್ತದೆ ಶಾಲಾ ವ್ಯಾಕರಣ. ಕನ್ನಡ ಬಲ್ಲವನಿಗೆ ಇಷ್ಟು ಸಾಕು; ಯಂತ್ರಕ್ಕೆ ಇದು ಏನನ್ನೂ ಹೇಳುವುದಿಲ್ಲ. ಎರಡೂ ಅಕ್ಷರ ಲಘುವಾದ ಉಕಾರಾಂತಗಳಿಗೆ (ಗುರು, ಹಸು, ಕರು, ಮಗು) ಆಗಮವೆಂದು ಬಿಡಿಸಿ ಬರೆದರೆ ಬಹುಪಾಲು ಸರಿಹೋಗುತ್ತದೆ. ಅಷ್ಟಕ್ಕೇ ಮುಗಿಯದು. ‘ಮಾತು’ ‘ಮಾತನ್ನು’ ಆಗುತ್ತದೆ. ಮಾತ್ರೆಗಳಲ್ಲಿ ಅದಕ್ಕೆ ಸಮನಾದ ‘ಧಾತು’ ಮಾತ್ರ ‘ಧಾತುವನ್ನು’ ಆಗುತ್ತದೆ. ‘ಸಾಧು’, ‘ವಸ್ತು’ಗಳೂ ಹೀಗೆಯೇ. ಇಲ್ಲಿ ಭೇದಕ್ಕೆ ಕಾರಣ ಅಕ್ಷರಗಳ ಅಳತೆಯಲ್ಲ, ಪದದ ಮೂಲ. ಇವು ತತ್ಸಮಗಳೆಂಬ ಗುರುತನ್ನು ನಿಘಂಟಿನಲ್ಲಿ ಪದಪದಕ್ಕೂ ಹಚ್ಚಬೇಕು. ಭಾಷೆ ಪ್ರೊಲಾಗ್ ಆಗಲಿ, ಓಪಿಎಸ್ ಆಗಲಿ, ಈ ಕೆಲಸ ಕನ್ನಡ ವೈಯಾಕರಣರ ಪಾಲಿನದೇ.