ಬೈಕಿನ ಬ್ರೇಕ್ ದೀಪದ ಮೂಲಕ ಸರಣಿ ಮತ್ತು ಸಮಾಂತರ ಜೋಡಣೆ: ಹತ್ತನೇ ತರಗತಿಗೆ ಒಂದು ಪಾಠ

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಘಟಕಕ್ಕೆ ಪ್ರಶಿಕ್ಷಣಾರ್ಥಿಗಳು ಬರೆದು ತರುವ ಪಾಠಯೋಜನೆಗಳು ಹೆಚ್ಚಾಗಿ ಒಂದೇ ಅಚ್ಚಿನವು: ಟಾರ್ಚ್ ಬಲ್ಬು, ಎರಡು ಶುಷ್ಕಕೋಶ, ಒಂದು ಸ್ವಿಚ್ಚು. ಅದರಲ್ಲಿ ತಪ್ಪೇನಿಲ್ಲ. ಆದರೆ ಸಮಾಂತರ ಜೋಡಣೆ ಏಕೆ ಬೇಕು ಎಂಬ ಪ್ರಶ್ನೆ ಅಲ್ಲಿ ಮಕ್ಕಳಿಗೆ ಹುಟ್ಟುವುದೇ ಇಲ್ಲ. ಮೋಟಾರ್‌ಸೈಕಲ್ಲಿಗೆ ಹೆಚ್ಚುವರಿ ಎಲ್‌ಇಡಿ ಬ್ರೇಕ್ ದೀಪ ತಯಾರಿಸುವ ಕೆಲಸವನ್ನೇ ಪಾಠವಾಗಿಸಿದರೆ ಅದು ತಾನಾಗಿ ಹುಟ್ಟುತ್ತದೆ. 40 ನಿಮಿಷದ ಒಂದು ಅವಧಿ ಸಾಲದು, ಎರಡು ಬೇಕು.

ಪೂರ್ವಜ್ಞಾನ ಪರೀಕ್ಷೆಗೆ ಒಂದೇ ಪ್ರಶ್ನೆ ಸಾಕು. ಮುಂದಿನ ಬ್ರೇಕ್ ಹಿಡಿದರೂ ಹಿಂದಿನ ದೀಪ ಹತ್ತುತ್ತದೆ, ಕಾಲಿನ ಬ್ರೇಕ್ ತುಳಿದರೂ ಹತ್ತುತ್ತದೆ. ಹಾಗಾದರೆ ಎರಡು ಸ್ವಿಚ್ಚುಗಳನ್ನು ಹೇಗೆ ಜೋಡಿಸಿರಬೇಕು? ಸರಣಿಯಲ್ಲಿದ್ದರೆ ಎರಡನ್ನೂ ಒಟ್ಟಿಗೆ ಒತ್ತಿದಾಗ ಮಾತ್ರ ದೀಪ ಹತ್ತಬೇಕಿತ್ತು. ಈ ಉತ್ತರ ಶಿಕ್ಷಕರ ಬಾಯಿಂದ ಬರಬಾರದು.

ಎಲ್‌ಇಡಿ ಏಕೆ ಎಂಬುದಕ್ಕೆ ಲೆಕ್ಕವನ್ನೇ ಕೊಡಿ. ತಂತಿ ಕಾದು ಬೆಳಗುವ ಬಲ್ಬು ಪೂರ್ಣ ಪ್ರಕಾಶಕ್ಕೆ ಬರಲು ಎಲ್‌ಇಡಿಗಿಂತ ಸುಮಾರು 0.2 ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದೆ ಬರುತ್ತಿರುವ ವಾಹನ ಅಷ್ಟರಲ್ಲಿ ಎಷ್ಟು ದೂರ ಸಾಗುತ್ತದೆ? 3.3 ಮೀಟರ್. ಹೆಚ್ಚು ಕಡಿಮೆ ಒಂದೂವರೆ ಬೈಕಿನ ಉದ್ದ.

ಈಗ ಮುಖ್ಯ ಭಾಗ. ಸಾಮಾನ್ಯ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ವಿಭವಾಂತರದಲ್ಲಿ, 20 ಮಿಲಿಆಂಪಿಯರ್ ಪ್ರವಾಹದಲ್ಲಿ ಬೆಳಗುತ್ತದೆ. ಬ್ಯಾಟರಿಯ ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ ಇಂಜಿನ್ ಓಡುತ್ತಿರುವಾಗ ಅಲ್ಲಿ ಸುಮಾರು 14.4 ವೋಲ್ಟ್ ಇರುತ್ತದೆ. ಲೆಕ್ಕ ಅದಕ್ಕೇ ಮಾಡಬೇಕು. ಮೂರು ಎಲ್‌ಇಡಿ ಸರಣಿಯಲ್ಲಿಟ್ಟರೆ 6 ವೋಲ್ಟ್ ಹೋಗಿ 8.4 ಉಳಿಯುತ್ತದೆ. ಅದನ್ನು 0.02 ಆಂಪಿಯರಿನಿಂದ ಭಾಗಿಸಿದರೆ 420 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 470 ಓಮ್. ಅದನ್ನು ಹಾಕಿದರೆ ಪ್ರವಾಹ ಸುಮಾರು 18 ಮಿಲಿಆಂಪಿಯರಿಗೆ ಇಳಿಯುತ್ತದೆ, ಎಲ್‌ಇಡಿಗೆ ಅದು ಕ್ಷೇಮವೇ. ರೋಧಕದಲ್ಲಿ ವ್ಯಯವಾಗುವ ಸಾಮರ್ಥ್ಯ 0.15 ವ್ಯಾಟ್, ಹಾಗಾಗಿ ಕಾಲು ವ್ಯಾಟಿನದು ಸಾಕು.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬ ಕೇಳಿಯೇ ಕೇಳುತ್ತಾನೆ: ಆರನ್ನೂ ಒಂದೇ ಸಾಲಿಗೆ ಹಾಕಿದರೆ ರೋಧಕ ಉಳಿಯುವುದಿಲ್ಲವೇ? ಪ್ರಶ್ನೆಯನ್ನು ಬದಿಗೆ ಸರಿಸಬೇಡಿ, ಪಾಠದ ತಿರುಳು ಇದೇ. ಆರಕ್ಕೆ 12 ವೋಲ್ಟ್ ಬೇಕು. 14.4 ವೋಲ್ಟ್‌ನಲ್ಲಿ ರೋಧಕಕ್ಕೆ ಉಳಿಯುವುದು 2.4 ವೋಲ್ಟ್, ಅಂದರೆ 120 ಓಮ್. ಇಂಜಿನ್ ನಿಧಾನವಾಗಿ ಓಡುವಾಗ ವಿಭವಾಂತರ 12ಕ್ಕೆ ಇಳಿದರೆ ರೋಧಕಕ್ಕೆ ಏನೂ ಉಳಿಯುವುದಿಲ್ಲ, ದೀಪ ತೀರಾ ಮಂಕಾಗುತ್ತದೆ. ಮೂರರ ಸಾಲಿನಲ್ಲಿ ಆಗಲೂ ಸುಮಾರು 13 ಮಿಲಿಆಂಪಿಯರ್ ಹರಿಯುತ್ತದೆ. ಎಲ್‌ಇಡಿಯನ್ನು 100 ಓಮಿನ ಸ್ಥಿರ ರೋಧಕವೆಂದು ಭಾವಿಸಿದವರಿಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ. ನೈಕ್ರೋಮ್ ತಂತಿಯ ನಕ್ಷೆ ಸರಳರೇಖೆ, ಎಲ್‌ಇಡಿಯದು ಹಾಗಲ್ಲ. ಓಮ್‌ನ ನಿಯಮಕ್ಕೆ ಎಲ್ಲೆ ಇದೆ ಎಂದು ತೋರಿಸಲು ಇದಕ್ಕಿಂತ ಅಗ್ಗದ ಉಪಕರಣ ನನಗೆ ತಿಳಿದಿಲ್ಲ.

ಮೂರರ ಐದು ಸಾಲುಗಳನ್ನು ಸಮಾಂತರವಾಗಿ ಜೋಡಿಸಿ. ಪ್ರತಿ ಸಾಲಿಗೂ ಅದರದೇ ರೋಧಕ ಇರಲಿ. ಒಂದು ಎಲ್‌ಇಡಿ ಕಿತ್ತರೆ ಆ ಸಾಲು ಆರುತ್ತದೆ, ಉಳಿದ ನಾಲ್ಕು ಬೆಳಗುತ್ತಲೇ ಇರುತ್ತವೆ. ಕೀಳುವ ಕೆಲಸ ಮಕ್ಕಳದ್ದಾಗಲಿ. ಬೆಸುಗೆಯನ್ನು ಮಾತ್ರ ಮೊದಲೇ ಮುಗಿಸಿಕೊಂಡು ಹೋಗಿ, ಇಲ್ಲವಾದರೆ ಅರ್ಧ ಅವಧಿ ಹೊಗೆಯಲ್ಲೇ ಹೋಗುತ್ತದೆ. ಹದಿನೈದು ಎಲ್‌ಇಡಿಗೂ ಒಟ್ಟು ಪ್ರವಾಹ 90 ಮಿಲಿಆಂಪಿಯರ್. 21 ವ್ಯಾಟಿನ ಬ್ರೇಕ್ ಬಲ್ಬು 12 ವೋಲ್ಟ್‌ನಲ್ಲಿ ಎಳೆಯುವುದು 1.75 ಆಂಪಿಯರ್.

ಬೈಕಿನಲ್ಲಿ ಈ ದೀಪ ಮೂಲ ಬ್ರೇಕ್ ಬಲ್ಬಿಗೆ ಸಮಾಂತರವಾಗಿ ಕೂರುತ್ತದೆ, ನಡುವೆ ಅರ್ಧ ಆಂಪಿಯರಿನ ಪ್ರತ್ಯೇಕ ಫ್ಯೂಸ್. ಫ್ಯೂಸ್ ಇಲ್ಲದೆ ನಮ್ಮ ವೈರು ಎಲ್ಲಾದರೂ ಹ್ರಸ್ವ ಮಂಡಲವಾದರೆ ಬೈಕಿನ ಫ್ಯೂಸೇ ಹೋಗಿ ಮೂಲ ದೀಪವೂ ಆರುತ್ತದೆ. ದೀಪ ಸವಾರನ ಬೆನ್ನ ಹಿಂದಿದೆ. ಆರಿದ್ದು ಅವನಿಗೆ ಕಾಣುವುದಿಲ್ಲ. ಸುರಕ್ಷತೆಯ ಮಾತನ್ನು ಪಾಠದ ಕೊನೆಗೆ ಅಂಟಿಸದೆ ಮಂಡಲದ ಚಿತ್ರದಲ್ಲೇ ತರಲು ಇದೇ ಜಾಗ.

ಮಾದರಿ ಪ್ಲೈವುಡ್ ಹಲಗೆಯ ಮೇಲೆಯೇ ಇರಲಿ. ಗೇರ್ ಬೈಕಿನ ಪರವಾನಗಿಗೆ 18 ವರ್ಷ ತುಂಬಬೇಕು, ನಮ್ಮ ಮಕ್ಕಳಿಗೆ ಹದಿನೈದೋ ಹದಿನಾರೋ. ಅಪ್ಪನ ಬೈಕಿನ ವೈರು ಕತ್ತರಿಸುವ ಉಮೇದು ಬಂದೇ ಬರುತ್ತದೆ, ಅದಕ್ಕೆ ಬೇರೆ ದಾರಿ ತೋರಿಸಬೇಕು. ಗೃಹಪಾಠ ಹೀಗಿರಲಿ: ದೊಡ್ಡವರೊಬ್ಬರು ನಿಂತ ಬೈಕಿನ ಕೀಲಿ ತಿರುಗಿಸಿ ಮುಂದಿನ, ಹಿಂದಿನ ಬ್ರೇಕನ್ನು ಬೇರೆ ಬೇರೆಯಾಗಿ ಒತ್ತಲಿ, ವಿದ್ಯಾರ್ಥಿ ಹಿಂದೆ ನಿಂತು ನೋಡಿ ಬರೆದುಕೊಳ್ಳಲಿ. ಒಂದಕ್ಕೆ ಹತ್ತಿ ಇನ್ನೊಂದಕ್ಕೆ ಹತ್ತದಿದ್ದರೆ ದೋಷ ಬಲ್ಬಿನಲ್ಲೋ ಸ್ವಿಚ್ಚಿನಲ್ಲೋ ಎಂಬುದೇ ಎರಡನೇ ಅವಧಿಯ ಮೊದಲ ಪ್ರಶ್ನೆ.