ಹಸಿರು ಟ್ರ್ಯಾಕ್ಟರಿನ ಕಾರ್ಖಾನೆಯಲ್ಲಿ ಮೂವತ್ತೈದು ದಿನಗಳ ಮುಷ್ಕರ

ಮಕ್ಕಳೇ, ಅಯೋವಾ, ಇಲಿನಾಯ್ ಕಡೆ ಕಾರಿನಲ್ಲಿ ಹೋದವರು ಹಸಿರು ಮೈಯ, ಹಳದಿ ಚಕ್ರದ ಟ್ರ್ಯಾಕ್ಟರುಗಳನ್ನು ನೋಡಿಯೇ ಇರುತ್ತೀರಿ. ಅವು ಜಾನ್ ಡಿಯರ್ ಕಂಪನಿಯವು. 1837ರಲ್ಲಿ ಆ ಹೆಸರಿನ ಕಮ್ಮಾರನೊಬ್ಬ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎಂಬ ಊರಿನಲ್ಲಿ ಉಕ್ಕಿನ ನೇಗಿಲು ಮಾಡಿದ. ಅಲ್ಲಿನ ಜಿಗುಟು ಮಣ್ಣು ಕಬ್ಬಿಣದ ನೇಗಿಲಿಗೆ ಮೆತ್ತಿಕೊಳ್ಳುತ್ತಿತ್ತು, ನಯವಾದ ಉಕ್ಕಿಗೆ ಮೆತ್ತಲಿಲ್ಲ. ನಮ್ಮ ಎರೆ ಹೊಲ ಉತ್ತವರಿಗೆ ಆ ಕಷ್ಟ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಲಾಭದಲ್ಲಿ ಒಂದು ಪಾಲನ್ನು ಸಮಾಜಕ್ಕೆ ಹಿಂತಿರುಗಿಸುವುದನ್ನು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಎನ್ನುತ್ತಾರೆ. ಭಾರತದಲ್ಲಿ 2013ರ ಕಂಪನಿ ಕಾಯಿದೆ ಇದನ್ನು ದೊಡ್ಡ ಕಂಪನಿಗಳಿಗೆ ಕಡ್ಡಾಯ ಮಾಡಿತು: ಸರಾಸರಿ ಲಾಭದ ಶೇಕಡಾ 2. ಅಮೆರಿಕದಲ್ಲಿ ಅಂಥ ಕಾನೂನಿಲ್ಲ, ಆದರೂ ಡಿಯರ್ ಕಂಪನಿ 1948ರಲ್ಲೇ ದಾನಧರ್ಮಕ್ಕೆಂದು ಒಂದು ಪ್ರತಿಷ್ಠಾನ ಕಟ್ಟಿತು. ಒಳ್ಳೆಯ ಕೆಲಸವೇ. ಆದರೆ ಗೇಟಿನ ಹೊರಗಿನವರಿಗೆ ಕೊಡುವ ಕಂಪನಿ, ಗೇಟಿನ ಒಳಗಿನವರೊಡನೆ ಹೇಗಿದೆ? 2021ರಲ್ಲಿ ಅಲ್ಲಿನ ಕಾರ್ಮಿಕರು ಕೇಳಿದ್ದು ಇದನ್ನೇ.

ಆ ವರ್ಷ ಕಂಪನಿಗೆ ಬಂದ ನಿವ್ವಳ ಲಾಭ ಸುಮಾರು 596 ಕೋಟಿ ಡಾಲರ್, ಅಲ್ಲಿಯವರೆಗಿನ ದಾಖಲೆ. ಹಿಂದಿನ ವರ್ಷ ಮುಖ್ಯಾಧಿಕಾರಿಗೆ ಸಿಕ್ಕ ಒಟ್ಟು ಸಂಭಾವನೆ ಒಂದೂವರೆ ಕೋಟಿ ಡಾಲರಿಗೂ ಮೇಲೆ. ಕೋವಿಡ್ ಕಾಲದಲ್ಲೂ ಯಂತ್ರದ ಮುಂದೆ ನಿಂತು ದುಡಿದ ಕಾರ್ಮಿಕರಿಗೆ ಹೊಸ ಒಪ್ಪಂದದಲ್ಲಿ ಮೊದಲು ಕೊಡಹೊರಟದ್ದು ಶೇಕಡಾ 5ರಿಂದ 6ರ ಏರಿಕೆ. ಜೊತೆಗೆ ಒಂದು ಷರತ್ತು: ಇನ್ನು ಮುಂದೆ ಸೇರುವ ಹೊಸಬರಿಗೆ ಹಳೆಯ ರೀತಿಯ ಪಿಂಚಣಿ ಇಲ್ಲ.

ಈ ಷರತ್ತನ್ನು ಸ್ವಲ್ಪ ನಿಂತು ನೋಡಬೇಕು. 1997ರ ಒಪ್ಪಂದದಲ್ಲೇ ಹಳಬರಿಗೊಂದು, ಆಮೇಲೆ ಬಂದವರಿಗೊಂದು ಲೆಕ್ಕ ಬಂದಿತ್ತು. ಪಕ್ಕಪಕ್ಕ ನಿಂತು ಅದೇ ಬೋಲ್ಟು ಬಿಗಿಯುವ ಇಬ್ಬರಲ್ಲಿ ಒಬ್ಬರ ಪಿಂಚಣಿ ಬಹಳ ಕಡಿಮೆ. ಈಗ ಮೂರನೆಯ ಪಂಕ್ತಿ ಹಾಕುವ ಯೋಚನೆ. ಇನ್ನೂ ಕೆಲಸಕ್ಕೇ ಸೇರದವರ ಪಿಂಚಣಿಯ ಗೊಡವೆ ತಮಗೇಕೆ ಎಂದು ಹಳಬರು ಸುಮ್ಮನಿರಬಹುದಿತ್ತು. ಇರಲಿಲ್ಲ. ಶೇಕಡಾ 90 ಮಂದಿ ಒಪ್ಪಂದವನ್ನು ತಿರಸ್ಕರಿಸಿದರು. ಅಕ್ಟೋಬರ್ 14ರಂದು ಹತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ನಿಲ್ಲಿಸಿದರು. ಅಲ್ಲಿ ಹಿಂದಿನ ದೊಡ್ಡ ಮುಷ್ಕರ ನಡೆದದ್ದು 1986ರಲ್ಲಿ.

ಮುಷ್ಕರವೆಂದರೆ ರಜೆಯಲ್ಲ. ಸಂಬಳವಿಲ್ಲ, ಯು.ಎ.ಡಬ್ಲ್ಯು. ಕಾರ್ಮಿಕ ಸಂಘ ಕೊಡುತ್ತಿದ್ದುದು ವಾರಕ್ಕೆ 275 ಡಾಲರ್. ಅದರಲ್ಲಿ ಮನೆ ಕಂತು ಕಟ್ಟುವುದೋ, ದಿನಸಿ ತರುವುದೋ? ಡ್ಯಾವೆನ್‌ಪೋರ್ಟಿನಲ್ಲಿ ಗೇಟಿಗೆ ನಾಲ್ಕೇ ಜನ ನಿಲ್ಲಬೇಕೆಂದು ನ್ಯಾಯಾಲಯದ ಆಜ್ಞೆಯಾಯಿತು. ಕಾವಲಿಗೆ ನಡೆದು ಹೋಗುತ್ತಿದ್ದ ಕಾರ್ಮಿಕರೊಬ್ಬರು ಕಾರು ಬಡಿದು ತೀರಿಕೊಂಡರು. ಕಂಪನಿಯ ಪರವಾಗಿ ಒಂದು ಮಾತು ಹೇಳಲೇಬೇಕು: ಮುಷ್ಕರ ನಡೆದಾಗಲೂ ಅದು ಕಾರ್ಮಿಕರ ಆರೋಗ್ಯ ವಿಮೆಯನ್ನು ನಿಲ್ಲಿಸಲಿಲ್ಲ.

ಎರಡನೆಯ ಒಪ್ಪಂದದಲ್ಲಿ ಪಿಂಚಣಿಯ ಷರತ್ತು ಹೋಯಿತು. ಆದರೂ ಶೇಕಡಾ 55 ಮಂದಿ ಬೇಡವೆಂದರು. ಮೂರನೆಯದನ್ನು ನವೆಂಬರ್ 17ರಂದು ಶೇಕಡಾ 61 ಮಂದಿ ಒಪ್ಪಿದರು. ಕೂಡಲೇ ಶೇಕಡಾ 10 ಏರಿಕೆ, 8,500 ಡಾಲರ್ ಬೋನಸ್, ಹೊಸಬರಿಗೂ ಪಿಂಚಣಿ, ಬೆಲೆ ಏರಿದಂತೆ ಸಂಬಳವೂ ಏರುವ ಏರ್ಪಾಡು. ಈ ಕೊನೆಯದೇ ನಮ್ಮ ಸರ್ಕಾರಿ ನೌಕರರ ತುಟ್ಟಿಭತ್ಯೆ. ತಾತ, ಅಜ್ಜಿಯರನ್ನು ಕೇಳಿ ನೋಡಿ, 'ಡಿಎ ಬಂತು' ಎಂದರೆ ಮನೆಯಲ್ಲಿ ಎಷ್ಟು ಸಂತೋಷವಾಗುತ್ತಿತ್ತೆಂದು ಹೇಳುತ್ತಾರೆ.

ಆದರೆ 1997ರಲ್ಲಿ ಬಿದ್ದ ಗೆರೆ ಪೂರ್ತಿ ಅಳಿಸಲಿಲ್ಲ. 2024ರಲ್ಲಿ ಟ್ರ್ಯಾಕ್ಟರುಗಳ ಬೇಡಿಕೆ ಕುಸಿದಾಗ ಅದೇ ಅಯೋವಾ, ಇಲಿನಾಯ್ ಕಾರ್ಖಾನೆಗಳಲ್ಲಿ ನೂರಾರು ಜನ ಕೆಲಸ ಕಳೆದುಕೊಂಡರು. ಒಂದಿಷ್ಟು ಕೆಲಸವನ್ನು ಮೆಕ್ಸಿಕೋಗೆ ಸಾಗಿಸುವುದಾಗಿಯೂ ಕಂಪನಿ ಹೇಳಿತು. ಅದಕ್ಕೆ ಮತ ಹಾಕುವ ಅವಕಾಶ ಕಾರ್ಮಿಕರಿಗೆ ಇರಲಿಲ್ಲ.