ಎಲ್ಲೆಯಾಗಿ ಹರಿದ ಕೃಷ್ಣೆ

ನದಿ, ಪರ್ವತ, ಸಮುದ್ರಗಳು ನಿಸರ್ಗವೇ ಹಾಕಿಕೊಟ್ಟ ಮೇರೆಗಳೆಂದು ಹೇಳುವುದುಂಟು. 1816ರ ಸುಗೌಲಿ ಒಪ್ಪಂದವು ಕಾಳಿ ನದಿಯನ್ನು ನೇಪಾಳದ ಪಶ್ಚಿಮದ ಗಡಿಯಾಗಿ ಗೊತ್ತುಪಡಿಸಿತು. ನಮ್ಮ ಕೃಷ್ಣೆಯೂ ಹಿಂದೆ ಎರಡು ದೊಡ್ಡ ರಾಜ್ಯಗಳ ನಡುವಿನ ಮೇರೆಯಾಗಿತ್ತು. ಆದರೆ ನದಿಯು ತಾನಾಗಿಯೇ ಒಂದು ನಾಡನ್ನು ಕಾಯಬಲ್ಲುದೇ?

ಮಹಾಬಳೇಶ್ವರದ ಬಳಿ ಹುಟ್ಟುವ ಕೃಷ್ಣೆಯು ಸುಮಾರು 1,400 ಕಿಲೋಮೀಟರು ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಬೀಳಗಿ ತಾಲ್ಲೂಕಿನ ಗಲಗಲಿಯು ಇದರ ದಡದಲ್ಲಿರುವ ಹಳೆಯ ಗ್ರಾಮ. ಹರಿದಾಸಿ ಗಲಗಲಿ ಅವ್ವನವರ ಹೆಸರಿನೊಡನೆ ಈ ಊರು ನೆನಪಾಗುತ್ತದೆ. ಈ ಸೀಮೆಯಲ್ಲಿ ಮಳೆ ಅಲ್ಪ. ಹೊಳೆಗೆ ಇಲ್ಲಿ ಬರುವ ನೀರಿನಲ್ಲಿ ಹೆಚ್ಚಿನ ಪಾಲು ಸಹ್ಯಾದ್ರಿಯ ಮಳೆಯದು. ಆದುದರಿಂದ ಇಲ್ಲಿ ಹನಿ ಬೀಳದ ದಿನವೂ ಹೊಳೆಗೆ ಮಹಾಪೂರ ಬರಬಹುದು. ಅಣೆಕಟ್ಟುಗಳಿಲ್ಲದ ಕಾಲದಲ್ಲಿ ಮಳೆಗಾಲದ ಕೃಷ್ಣೆಯನ್ನು ದಾಟುವುದು ಬಲು ಕಷ್ಟವಾಗಿತ್ತು. ನೆರೆ ಇಳಿದ ಬಳಿಕ ಜನರೂ ದನಗಳೂ ಹಲವೆಡೆ ನಡೆದೇ ದಾಟುತ್ತಿದ್ದರು. ಒಂದೇ ನದಿಯು ಕೆಲವು ತಿಂಗಳು ಕೋಟೆಯಾಗಿಯೂ ಉಳಿದ ತಿಂಗಳುಗಳಲ್ಲಿ ದಾರಿಯಾಗಿಯೂ ಇರುತ್ತಿತ್ತು.

ಗಲಗಲಿಯಿಂದ ಕೆಳಗೆ, ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ, ರಾಯಚೂರು ದೋಆಬು ಎಂಬ ಪ್ರದೇಶವಿದೆ. ತಮ್ಮ ರಾಜ್ಯ ಕೃಷ್ಣೆಯವರೆಗೆ ಎಂದು ವಿಜಯನಗರದ ಅರಸರೂ, ತುಂಗಭದ್ರೆಯವರೆಗೆ ಎಂದು ಬಹಮನಿ ಸುಲ್ತಾನರೂ ವಾದಿಸಿದರು. ಇದಕ್ಕಾಗಿ ತಲೆಮಾರುಗಳವರೆಗೆ ಯುದ್ಧಗಳು ನಡೆದವು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರನ್ನು ಗೆದ್ದುಕೊಂಡನು.

1565ರ ಜನವರಿಯಲ್ಲಿ, ನೆರೆ ಇಳಿದಿದ್ದ ಕಾಲದಲ್ಲಿ, ದಖನ್ನಿನ ಸುಲ್ತಾನರ ಸೇನೆಗಳು ಕೃಷ್ಣೆಯ ಉತ್ತರ ದಡಕ್ಕೆ ಬಂದವು. ದಾಟಬಹುದಾದ ತಾಣವನ್ನು ವಿಜಯನಗರದ ಸೈನಿಕರು ಕಾಯುತ್ತಿದ್ದರು. ಆಗ ಸುಲ್ತಾನರ ಸೇನೆಗಳು ಬೇರೆಡೆ ದಾಟುವಂತೆ ನಟಿಸುತ್ತ ದಡದುದ್ದಕ್ಕೂ ಸಾಗಿದವು. ಕಾವಲಿನವರೂ ಎದುರು ದಡದಲ್ಲಿ ಹಿಂಬಾಲಿಸಿದರು. ಸುಲ್ತಾನರ ಸೇನೆಗಳು ರಾತ್ರಿ ಬೇಗನೆ ಹಿಂದಿರುಗಿ, ಬರಿದಾಗಿದ್ದ ಆ ತಾಣದಲ್ಲೇ ನದಿಯನ್ನು ದಾಟಿದವೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ರಕ್ಕಸತಂಗಡಿಯ ಕದನದಲ್ಲಿ ರಾಮರಾಯನು ಮಡಿದನು. ಕಾವಲು ತಪ್ಪಿದೊಡನೆ ನದಿಯು ಎಲ್ಲೆಯಾಗಿ ಉಳಿಯಲಿಲ್ಲ.

1997ರಲ್ಲಿ ಬಾಗಲಕೋಟೆ ಜಿಲ್ಲೆಯು ರಚನೆಯಾದಾಗ ಕೃಷ್ಣೆಯು ಹಲವೆಡೆ ಎರಡು ಜಿಲ್ಲೆಗಳ ನಡುವಿನ ಎಲ್ಲೆಯಾಯಿತು. 2014ರಿಂದ ಅದು ಬಹುದೂರ ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ಗಡಿಯೂ ಆಗಿದೆ. ಈ ಎಲ್ಲೆಗಳಲ್ಲಿ ಸೈನ್ಯದ ಕಾವಲಿಲ್ಲ. ಇಂದಿನ ಪ್ರಶ್ನೆ ದಡ ಯಾರದೆಂಬುದಲ್ಲ, ನೀರು ಯಾರಿಗೆ ಎಷ್ಟೆಂಬುದು. ಅದನ್ನು ತೀರ್ಮಾನಿಸಲು 1969ರಲ್ಲಿ ನ್ಯಾಯಮಂಡಳಿಯನ್ನು ನೇಮಿಸಲಾಯಿತು. ಆಲಮಟ್ಟಿಯ ಅಣೆಕಟ್ಟು ಹೊಲಗಳಿಗೆ ನೀರನ್ನೂ ವಿದ್ಯುತ್ತನ್ನೂ ಕೊಟ್ಟಿತು. ಅದರ ಹಿನ್ನೀರಿನಲ್ಲಿ ಬೀಳಗಿ, ಬಾಗಲಕೋಟೆ ಸೀಮೆಯ ಅನೇಕ ಊರುಗಳು ಮುಳುಗಿ, ಅಲ್ಲಿಯ ಜನರು ಮನೆ ಹೊಲಗಳನ್ನು ತೊರೆದರು. ನದಿಯ ನೀರನ್ನು ಹಂಚಿಕೊಳ್ಳುವವರು ಈ ತ್ಯಾಗವನ್ನೂ ನೆನೆಯುವುದು ಧರ್ಮ.